ಪದವಿಚಾರ: ನೆರಳಿನವರು

ನಮ್ಮ ಮಂಗಸೂಳಿಯು ಬಿಸಿಲಿನ ದೇವರ ಊರು. ಇಲ್ಲಿಯ ಮಲ್ಲಯ್ಯನನ್ನು ಮರಾಠಿ ಭಕ್ತರು ಖಂಡೋಬಾ ಎಂದು ಕರೆಯುವರು. ಆತನಿಗೆ ಮಾರ್ತಾಂಡಭೈರವನೆಂಬ ಹೆಸರೂ ಉಂಟು. ಮಾರ್ತಾಂಡನೆಂದರೆ ಸೂರ್ಯನು. ಆತನ ವಾರವು ರವಿವಾರ. ಆತನ ಗುಡಿಯಲ್ಲಿ ತೂರುವ ಭಂಡಾರದ ಬಣ್ಣವೂ ಎಳೆಬಿಸಿಲಿನದೇ. ಇಂಥ ಊರಿನಿಂದಲೇ ಈ ಸಲ ನೆರಳನ್ನು ಕುರಿತ ಪ್ರಶ್ನೆಯೊಂದು ನಮಗೆ ಬಂದಿರುವದು. ಸಸ್ಯಶಾಸ್ತ್ರವನ್ನು ಅಭ್ಯಸಿಸುತ್ತಿರುವ ಕನ್ಯೆಯೊಬ್ಬಳು ಕೇಳಿರುವದೇನೆಂದರೆ: ಗಿಡಗಳ ಲ್ಯಾಟಿನ್ ಹೆಸರುಗಳಲ್ಲಿ ‘ಉಂಬ್ರೋಸಾ’ ಎಂಬ ವಿಶೇಷಣವು ಅಲ್ಲಲ್ಲಿ ಬರುತ್ತದೆ, ಪುಸ್ತಕದಲ್ಲಿ ಅದಕ್ಕೆ ‘ನೆರಳಿನ’ ಎಂದಷ್ಟೇ ಅರ್ಥ ಕೊಟ್ಟಿದೆ. ನೆರಳನ್ನು ಕೊಡುವ ಗಿಡವೋ, ನೆರಳಿನಲ್ಲಿ ಬೆಳೆಯುವ ಗಿಡವೋ? ಪ್ರಶ್ನೆಯು ಸಣ್ಣದಾಗಿ ಕಂಡರೂ ಕೇಳಿದ ರೀತಿಯು ಸಣ್ಣದಲ್ಲ. ಒಂದು ವಿಶೇಷಣಕ್ಕೆ ‘ಕೊಡುವವನು’, ‘ಪಡೆಯುವವನು’ ಎಂಬೆರಡು ಮುಖಗಳಿರಬಹುದೆಂಬದು ಎಲ್ಲರಿಗೂ ಹೊಳೆಯುವ ಮಾತಲ್ಲ.

ಮೊದಲು ಉತ್ತರವನ್ನೇ ಹೇಳಿಬಿಡುವೆವು. ಲ್ಯಾಟಿನ್ ಭಾಷೆಯಲ್ಲಿ ‘ಉಂಬ್ರಾ’ ಎಂದರೆ ನೆರಳು. ಅದು ಸ್ತ್ರೀಲಿಂಗದ ನಾಮ. ಅದಕ್ಕೆ ‘ಓಸುಸ್’ ಎಂಬ ಪ್ರತ್ಯಯವು ಹತ್ತಿ ‘ಉಂಬ್ರೋಸುಸ್’ ಎಂಬ ವಿಶೇಷಣವಾಯಿತು. ಪುಲ್ಲಿಂಗದಲ್ಲಿ ಉಂಬ್ರೋಸುಸ್, ಸ್ತ್ರೀಲಿಂಗದಲ್ಲಿ ಉಂಬ್ರೋಸಾ, ನಪುಂಸಕದಲ್ಲಿ ಉಂಬ್ರೋಸುಮ್. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗವನ್ನು ಹಿಡಿದು ನಡೆಯುವಂತೆ ಅಲ್ಲಿಯೂ ನಡೆಯುವದು. ‘ಓಸುಸ್’ ಎಂದರೆ ‘ತುಂಬಿದ, ಹೇರಳವಾಗಿ ಉಳ್ಳ’ ಎಂದರ್ಥ. ನಮ್ಮ ಹುಡುಗರು ಹೊತ್ತುಗೊತ್ತಿಲ್ಲದೆ ಬಳಸುವ ‘ಫೇಮಸ್’ ಎಂಬ ಇಂಗ್ಲಿಷ್ ಶಬ್ದದ ಬಾಲವು ಇದೇ ಪ್ರತ್ಯಯದ ಸವೆದ ರೂಪ. ‘ಫಾಮಾ’ ಎಂದರೆ ಜನರಾಡುವ ಸುದ್ದಿ, ‘ಫಾಮೋಸುಸ್’ ಎಂದರೆ ಸುದ್ದಿಯಿಂದ ತುಂಬಿದವನು. ಸಂಸ್ಕೃತದ ಮತುಪ್ ಪ್ರತ್ಯಯವು ಇದಕ್ಕೆ ಸಮೀಪದ್ದು. ಆದುದರಿಂದ ಉಂಬ್ರೋಸುಸ್ ಎಂಬದನ್ನು ‘ಛಾಯಾವಾನ್’ ಎಂದು ತಿರುಗಿಸಿದರೆ ತಪ್ಪಾಗದು. ರೋಮಿನ ಕವಿಗಳು ನೆರಳು ಚೆಲ್ಲುವ ಮರವನ್ನೂ ಉಂಬ್ರೋಸಾ ಎಂದರು, ನೆರಳು ಕವಿದ ಕಣಿವೆಯನ್ನೂ ಉಂಬ್ರೋಸಾ ಎಂದರು. ಸಸ್ಯಶಾಸ್ತ್ರಜ್ಞರು ಮಾತ್ರ ಸಾಮಾನ್ಯವಾಗಿ ಎರಡನೆಯ ಅರ್ಥವನ್ನೇ ಹಿಡಿದಿರುವರು. ನೆರಳಿನಲ್ಲಿ ಬೆಳೆಯುವ ಗಿಡವೇ ಅವರ ಉಂಬ್ರೋಸಾ. ಪ್ರಶ್ನೆ ಇಲ್ಲಿಗೆ ತೀರಿತು. ಆದರೆ ಈ ಶಬ್ದದ ಮನೆಯವರೂ ನೆರೆಯವರೂ ಬಹಳ ಜನರಿದ್ದು, ಅವರಲ್ಲೊಬ್ಬನು ನಮ್ಮಂಥ ಮಾಸ್ತರರನ್ನೇ ಹೆಸರಿಟ್ಟು ಬೈದವನಾದ್ದರಿಂದ ಮುಂದೆಯೂ ಸ್ವಲ್ಪ ಬರೆಯಬೇಕಾಗಿದೆ.

ಉಂಬ್ರಾ ಎಂಬದರ ಹುಟ್ಟನ್ನು ಕುರಿತು ಭಾಷಾಶಾಸ್ತ್ರಜ್ಞರಲ್ಲಿ ಎರಡು ಪಕ್ಷಗಳುಂಟು. ಲಿಥುವೇನಿಯಾ ದೇಶದ ಭಾಷೆಯಲ್ಲಿ ನೆರಳಿಗೆ ‘ಉಂಕ್ಸ್ಮೆ’ ಎನ್ನುವರು, ಅದೇ ಇದರ ನಂಟ ಎಂಬದೊಂದು ಪಕ್ಷ. ನಮ್ಮ ‘ಅಂಧ’ ಶಬ್ದದ ಮೂಲವೇ ಇದರ ಮೂಲ ಎಂಬದು ಇನ್ನೊಂದು. ಎರಡನೆಯದನ್ನು ಒಪ್ಪಿದರೆ ರೋಮಿನವರ ನೆರಳು ಕುರುಡಿನ ತಂಗಿಯಾಗುವದು. ನಮ್ಮ ‘ಛಾಯಾ’ ಎಂಬದು ಬೇರೆ ಕುಲದವಳು. ಗ್ರೀಕರ ‘ಸ್ಕಿಯಾ’, ಪಾರಸಿಯವರ ‘ಸಾಯಾ’ ಇವರು ಆಕೆಯ ಒಡಹುಟ್ಟಿದವರು. ಈ ಕುಲದಲ್ಲಿಯೇ ಬೆಳಗುವದೆಂಬ ಅರ್ಥದ ಇಂಗ್ಲಿಷ್ ‘ಶೈನ್’ ಕೂಡ ಇದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಆಗದು. ಅಮರಸಿಂಹನು ಛಾಯಾ ಶಬ್ದಕ್ಕೆ ನಾಲ್ಕು ಅರ್ಥಗಳನ್ನು ಹೇಳಿರುವನು: ಸೂರ್ಯನ ಮಡದಿ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದಿರುವಿಕೆ. ಬೆಳಕೂ ಬೆಳಕಿನ ಅಭಾವವೂ ಒಂದೇ ಶಬ್ದದ ಹೊಟ್ಟೆಯಲ್ಲಿವೆ.

ಕನ್ನಡದ ‘ನೆರಳು’ ಈ ಎರಡು ಕುಲಗಳಿಗೂ ಸೇರಿದ್ದಲ್ಲ. ಹಳೆಗನ್ನಡದಲ್ಲಿ ಅದು ‘ನೆೞಲ್’, ತಮಿಳರೂ ಮಲಯಾಳಿಗಳೂ ‘ನಿೞಲ್’ ಎನ್ನುವರು, ತೆಲುಗರದು ‘ನೀಡ’. ನಡುವಿನ ೞಕಾರವು ಕನ್ನಡದಲ್ಲಿ ಸತ್ತುಹೋದ ಮೇಲೆ ನೆೞಲ್ ‘ನೆಳಲು’ ಆಯಿತು. ಮುಂದೆ ‘ನೆರಳು’ ಆಯಿತು. ನಮ್ಮ ಕಡೆಯ ಒಕ್ಕಲಿಗರು ಮಾತ್ರ ‘ನೆಳ್ಳಾಗ ಕೂಡು’ ಎನ್ನುವರು. ಪಟ್ಟಣದಿಂದ ಬಂದವರು ಈ ‘ನೆಳ್ಳು’ ಎಂಬದನ್ನು ಕೇಳಿ ನಗುವದನ್ನು ನಾವು ಕಂಡಿರುವೆವು. ನಗುವವರ ನೆರಳಿಗಿಂತ ಒಕ್ಕಲಿಗರ ನೆಳ್ಳೇ ಹಳೆಗನ್ನಡಕ್ಕೆ ಹತ್ತಿರವಾದದ್ದು.

ಉಂಬ್ರಾ ಶಬ್ದದ ಒಬ್ಬ ಮಗಳು ನಮ್ಮ ಗೃಹಿಣಿಯರ ಅಡಿಗೆಮನೆಯಲ್ಲಿಯೇ ಇರುವಳು. ಉಂಬ್ರಾ ಎಂಬದಕ್ಕೆ ಸಣ್ಣದೆಂಬ ಅರ್ಥದ ಪ್ರತ್ಯಯವು ಸೇರಿ ‘ಉಂಬೆಲ್ಲಾ’, ಅಂದರೆ ಪುಟ್ಟ ನೆರಳು, ಕೈಯಲ್ಲಿ ಹಿಡಿಯುವ ನೆರಳು, ಎಂದರೆ ಕೊಡೆ. ಇಟಲಿಯವರ ‘ಓಂಬ್ರೆಲ್ಲೋ’ ಇದರಿಂದಲೇ ಆದದ್ದು. ಇಂಗ್ಲಿಷರ ‘ಅಂಬ್ರೆಲಾ’ ಅವರಿಂದ ಬಂದದ್ದು. ಕೊತ್ತಂಬರಿಯ ಗಿಡವು ಹೂವಾದಾಗ ನೋಡಿರಿ. ಒಂದೇ ತುದಿಯಿಂದ ಹತ್ತಾರು ತೊಟ್ಟುಗಳು ಹೊರಟು, ಕೊಡೆಯ ಕಡ್ಡಿಗಳಂತೆ ಹರಡಿ, ಒಂದೊಂದರ ತುದಿಯಲ್ಲಿಯೂ ಪುನಃ ಸಣ್ಣ ಕೊಡೆಯೊಂದು ಅರಳಿರುವದು. ಜೀರಿಗೆ, ಅಜವಾನ, ಸಬ್ಬಸಿಗೆ, ಬಡೇಸೋಪು, ಗಜ್ಜರಿ ಇವೆಲ್ಲವುಗಳ ಹೂವೂ ಹೀಗೆಯೇ. ಆದುದರಿಂದಲೇ ಸಸ್ಯಶಾಸ್ತ್ರಜ್ಞರು ಬಹುಕಾಲ ಈ ಕುಟುಂಬವನ್ನು ‘ಉಂಬೆಲ್ಲಿಫೆರೆ’, ಎಂದರೆ ಛತ್ರಧಾರಿಗಳು, ಎಂದು ಕರೆದರು. ಒಗ್ಗರಣೆಯ ಡಬ್ಬಿಯಲ್ಲಿ ಇಷ್ಟು ಜನ ಛತ್ರಪತಿಗಳಿರುವರೆಂಬ ಸಂಗತಿಯು ಗೃಹಿಣಿಯರಿಗೆ ಗೊತ್ತಿರಲಿ ಎಂದು ಇದನ್ನು ಬರೆದೆವು.

ಇನ್ನು ನೆರಳಿನ ಗುಣದೋಷಗಳ ಮಾತು. ರೋಮಿನ ಮಹಾಕವಿ ವರ್ಜಿಲನು ಗೋಪಾಲಕರನ್ನು ಕುರಿತು ಹತ್ತು ಖಂಡಗಳ ಕಾವ್ಯವೊಂದನ್ನು ಬರೆದಿರುವನು. ಅದರ ಮೊದಲನೆಯ ಖಂಡವು ಮರದ ನೆರಳಿನಲ್ಲಿ ಹಾಯಾಗಿ ಒರಗಿ ಕೊಳಲೂದುವ ಗೋಪಾಲಕನಿಂದ ಆರಂಭವಾಗುತ್ತದೆ. ಕಡೆಯ ಖಂಡದ ಕೊನೆಯಲ್ಲಿ ಅದೇ ಕವಿಯು, ನೆರಳು ಹಾಡುವವರಿಗೆ ಒಳ್ಳೆಯದಲ್ಲ, ಪೈರಿಗೂ ಕೇಡು ಎಂದು ಹೇಳಿ ಮೇಲಕ್ಕೇಳುತ್ತಾನೆ. ಕ್ರಿ.ಶ. ೭೯ರಲ್ಲಿ ವಿಸೂವಿಯಸ್ ಜ್ವಾಲಾಮುಖಿಯ ಉತ್ಪಾತದಲ್ಲಿ ತೀರಿಹೋದ ಪ್ಲಿನಿ ಎಂಬ ಪಂಡಿತನಂತೂ ಯಾವ ಮರದ ನೆರಳು ಹಿತ, ಯಾವದು ಅಹಿತ ಎಂದು ವಿಂಗಡಿಸಿ, ಅಕ್ರೋಡದ ನೆರಳು ಭಾರವೂ ಹಾನಿಕರವೂ ಆದದ್ದೆಂದು ಬರೆದನು. ನಮ್ಮಲ್ಲಿ ಹುಣಸೆಯ ಕೆಳಗೆ ರಾತ್ರಿ ಮಲಗಬಾರದು ಎನ್ನುವ ಅಜ್ಜಿಯರು ಪ್ಲಿನಿಯನ್ನು ಓದಿದವರಲ್ಲ. ಒಕ್ಕಲಿಗನು ಬದುವಿನ ಮೇಲಿನ ಮರವನ್ನು ನೋಡುವ ನೋಟವಂತೂ ರೋಮಿನ ಒಕ್ಕಲಿಗನದೇ. ಆ ಮರದ ನೆರಳು ಬಿದ್ದಷ್ಟು ದೂರ ಜೋಳ ಏಳದು, ಕಬ್ಬು ದಪ್ಪವಾಗದು. ನೆರೆಯವನ ಬದುವಿನ ಮರವಾಗಿದ್ದರೆ ಜಗಳಕ್ಕೆ ಬೇರೆ ಕಾರಣವೇ ಬೇಡ. ಹೀಗೆ ಬದುಗಳು ಬರಿದಾಗಿ, ನಮ್ಮ ಸೀಮೆಯಲ್ಲಿ ಕಬ್ಬಿನ ಹಸುರು ಕಣ್ಣಿಗೆ ಕಂಡಷ್ಟು ದೂರವಿದ್ದರೂ ಮಧ್ಯಾಹ್ನದ ಬುತ್ತಿ ಬಿಚ್ಚಿ ಕೂಡ್ರುವದಕ್ಕೆ ಒಂದು ನೆಳ್ಳು ಸಿಕ್ಕುವದು ದುರ್ಲಭವಾಗಿದೆ. ಪೈರಿನ ಲೆಕ್ಕದಲ್ಲಿ ಒಕ್ಕಲಿಗನದೇನೂ ತಪ್ಪಿಲ್ಲ. ಆದರೆ ಪೈರನ್ನು ಕಡಿಯುವ ಕೈಗಳ ಲೆಕ್ಕವನ್ನು ಅದರಲ್ಲಿ ಯಾರೂ ಹಿಡಿದಂತೆ ಕಾಣುವದಿಲ್ಲ.

ನಾವು ಹೇಳಬೇಕೆಂದಿದ್ದ ವಿಶೇಷಣವು ಈಗ ಬರುವದು. ಉಂಬ್ರಾ ಶಬ್ದದಿಂದ ಮರಗಿಡಗಳಿಗೆ ಉಂಬ್ರೋಸುಸ್ ಆದಂತೆ, ಮನುಷ್ಯರಿಗೆಂದು ‘ಉಂಬ್ರಾತಿಲಿಸ್’, ‘ಉಂಬ್ರಾತಿಕುಸ್’ ಎಂಬೆರಡು ಶಬ್ದಗಳಾದವು. ನೆರಳಿನಲ್ಲಿಯೇ ಇರುವವನು, ನೆರಳಿನವನು ಎಂದು ಅಕ್ಷರಾರ್ಥ. ಮೈಗಳ್ಳ, ಬಿಸಿಲು ಕಾಣದವನು, ಲೋಕದ ಏಟು ತಿನ್ನದವನು ಎಂದು ಭಾವಾರ್ಥ. ರೋಮಿನ ಸಿಸೆರೋ ಎಂಬ ವಾಗ್ಮಿಯು ಕ್ರಿಸ್ತಪೂರ್ವ ೫೫ರಲ್ಲಿ ಬರೆದ ವಾಗ್ಮಿತ್ವದ ಗ್ರಂಥದಲ್ಲಿ, ಮನೆಯೊಳಗಿನ ನೆರಳಿನ ಅಭ್ಯಾಸದಿಂದ ಮಾತನ್ನು ಹೊರಗೆ ಎಳೆದು, ಧೂಳಿಗೆ, ಗದ್ದಲಕ್ಕೆ, ನ್ಯಾಯಸ್ಥಾನದ ರಣರಂಗಕ್ಕೆ ತಂದು ನಿಲ್ಲಿಸಬೇಕೆಂದು ಹೇಳುವಾಗ ಈ ಉಂಬ್ರಾತಿಲಿಸ್ ಶಬ್ದವನ್ನೇ ಬಳಸಿದನು. ನೂರು ವರ್ಷಗಳ ಮೇಲೆ ಪೆಟ್ರೋನಿಯಸ್ ಎಂಬವನು ಇನ್ನೂ ಮುಂದೆ ಹೋದನು. ಹಿಂದಿನ ಮಹಾಕವಿಗಳು ಹೇಗೆ ದೊಡ್ಡವರಾದರೆಂದರೆ, ಆ ಕಾಲದಲ್ಲಿ ನೆರಳಿನ ಮಾಸ್ತರನು ಇನ್ನೂ ಹುಟ್ಟಿ ಹುಡುಗರ ಪ್ರತಿಭೆಯನ್ನು ಹಾಳುಮಾಡಿರಲಿಲ್ಲ ಎಂಬರ್ಥದ ಮಾತನ್ನು ಅವನ ಕಥೆಯ ಪಾತ್ರವೊಂದು ಆಡುವದು. ‘ಉಂಬ್ರಾತಿಕುಸ್ ಡೊಕ್ಟರ್’ ಎಂಬದು ಅವನು ಕೊಟ್ಟ ಬಿರುದು. ಡೊಕ್ಟರ್ ಎಂದರೆ ಅಲ್ಲಿ ಕಲಿಸುವವನು, ವೈದ್ಯನಲ್ಲ. ಮೂವತ್ತಕ್ಕಿಂತ ಹೆಚ್ಚು ವರ್ಷ ಹಂಚಿನ ಮಾಡಿನ ಕೆಳಗೆ ಸಂಧಿಸಮಾಸಗಳನ್ನು ಕಲಿಸಿದ ನಮಗೆ ಈ ಬಿರುದು ಸಲ್ಲತಕ್ಕದ್ದೇ ಎಂದು ಹೇಳುವ ಶಿಷ್ಯರು ಒಬ್ಬಿಬ್ಬರು ಇದ್ದಾರು.

ಈ ಬೈಗಳು ರೋಮಿನವರದಷ್ಟೇ ಅಲ್ಲ. ಗ್ರೀಕ್ ತತ್ತ್ವಜ್ಞನಾದ ಪ್ಲೇಟೋ ತನ್ನ ‘ಗಣರಾಜ್ಯ’ ಗ್ರಂಥದ ಎಂಟನೆಯ ಭಾಗದಲ್ಲಿ ಒಂದು ಚಿತ್ರವನ್ನು ಬರೆದಿರುವನು. ಬಿಸಿಲಿಗೆ ಕಂದಿದ, ಸೊರಗಿದ ಬಡವನೊಬ್ಬನು ಯುದ್ಧದಲ್ಲಿ ಶ್ರೀಮಂತನೊಬ್ಬನ ಮಗ್ಗುಲಿಗೆ ನಿಂತಿರುವನು. ಶ್ರೀಮಂತನು ನೆರಳಿನಲ್ಲಿ ಬೆಳೆದು ಕೊಬ್ಬಿದವನು. ಅವನು ಏದುಸಿರು ಬಿಡುತ್ತ ದಿಕ್ಕು ತೋಚದೆ ನಿಂತದ್ದನ್ನು ಬಡವನು ನೋಡುವನು. ಆಗ ಅವನಿಗೆ ಹೊಳೆಯುವದೇನೆಂದರೆ, ಇಂಥವರು ಶ್ರೀಮಂತರಾಗಿ ಉಳಿದಿರುವದು ನಮ್ಮ ಹೇಡಿತನದ ದೆಸೆಯಿಂದಲೇ ಎಂದು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಮಾತು ಇಂದಿಗೂ ಬಿಸಿಯಾಗಿಯೇ ಇದೆ.

ನಮ್ಮ ಊರುಗಳಲ್ಲಿ ನೆರಳಿನ ಬೈಗಳೂ ನೆರಳಿನ ಆಸೆಯೂ ಒಂದೇ ಬಾಯಲ್ಲಿ ಇರುತ್ತವೆ. ಮಗನು ಶಾಲೆ ತಪ್ಪಿಸಿದರೆ ತಂದೆಯು, ‘ನನ್ನಂಗ ಬಿಸಿಲಾಗ ಸಾಯಬ್ಯಾಡೋ, ನೆಳ್ಳಾಗ ಕುಂತು ಉಣ್ಣೋ ಹಂಗ ಕಲಿ’ ಎನ್ನುವನು. ಅದೇ ಮಗನು ಕಲಿತು, ಕಚೇರಿ ಸೇರಿ, ಸುಗ್ಗಿಯ ದಿನ ಊರಿಗೆ ಬಂದು ಕುಡಗೋಲು ಹಿಡಿಯಲಾರದೆ ಹೋದರೆ, ‘ನೆಳ್ಳಿನ ಮಂದಿ, ಇವರ ಕೈಲೆ ಏನಾಗತೈತಿ’ ಎಂದು ನಗುವವನೂ ಆತನೇ. ಇದರಲ್ಲಿ ಕಪಟವಿಲ್ಲ. ನೆರಳು ಸಿಕ್ಕದವನಿಗೆ ಅದರ ಬೆಲೆ ಗೊತ್ತು. ಬಿಸಿಲಿಗೆ ಹೆದರದವನಿಗೆ ಅದರ ಹೆಮ್ಮೆಯೂ ಗೊತ್ತು. ಸಿಸೆರೋವಿನ ಮಾತಿಗಿಂತ ಈ ತಂದೆಯ ಮಾತೇ ನಮಗೆ ಹೆಚ್ಚು ಪೂರ್ಣವಾಗಿ ತೋರುವದು. ಸಿಸೆರೋ ಬಿಸಿಲಿನ ಹೆಮ್ಮೆಯೊಂದನ್ನೇ ಹೇಳಿದನು. ಆತನ ತೋಟದಲ್ಲಿ ಬಿಸಿಲಿಗೆ ನಿಂತು ದುಡಿಯುವದಕ್ಕೆ ಗುಲಾಮರಿದ್ದರು.

ಸಂಸ್ಕೃತದಲ್ಲಿ ಉಂಬ್ರಾತಿಲಿಸ್ ಎಂಬದಕ್ಕೆ ಸರಿದೊರೆಯಾದ ಶಬ್ದವಿದೆಯೇ ಎಂದು ಹುಡುಕಿದರೆ ‘ಅಸೂರ್ಯಂಪಶ್ಯ’ ಎಂಬದು ಸಿಕ್ಕುವದು. ಸೂರ್ಯನನ್ನೂ ನೋಡದವರು ಎಂದರ್ಥ. ಪಾಣಿನಿಯು ಮೂರನೆಯ ಅಧ್ಯಾಯದ ಎರಡನೆಯ ಪಾದದ ೩೬ನೆಯ ಸೂತ್ರದಲ್ಲಿ ಇದನ್ನು ಸಾಧಿಸಿರುವನು. ವೃತ್ತಿಕಾರರು ಉದಾಹರಣೆಗೆ ಅರಸನ ಅಂತಃಪುರದ ಸ್ತ್ರೀಯರನ್ನು ಹೇಳುವರು. ನೋಡಿರಿ, ರೋಮಿನಲ್ಲಿ ಗಂಡಸಿಗೆ ಬೈಗಳಾದದ್ದು ಇಲ್ಲಿ ಹೆಂಗಸಿಗೆ ಹೊಗಳಿಕೆಯಾಯಿತು. ಅದೇ ಸೂತ್ರದಲ್ಲಿಯೇ ಪಾಣಿನಿಯು ಇನ್ನೊಂದು ಶಬ್ದವನ್ನೂ ಕಟ್ಟಿರುವನು: ‘ಲಲಾಟಂತಪ’, ಹಣೆಯನ್ನು ಸುಡುವಂಥ ಸೂರ್ಯನು. ಒಂದೇ ಸೂತ್ರದ ಒಂದು ತುದಿಗೆ ಸೂರ್ಯನನ್ನು ಕಾಣದ ರಾಣಿ, ಇನ್ನೊಂದು ತುದಿಗೆ ಹಣೆಯನ್ನು ಸುಡುವ ಸೂರ್ಯ. ವೈಯಾಕರಣನು ಪ್ರತ್ಯಯದ ಸೌಕರ್ಯಕ್ಕಾಗಿ ಇವೆರಡನ್ನೂ ಒಟ್ಟಿಗೆ ಇಟ್ಟನೇ ಹೊರತು ಬೇರೆ ಉದ್ದೇಶದಿಂದಲ್ಲ. ಆದರೆ ತರಗತಿಯಲ್ಲಿ ಈ ಸೂತ್ರವನ್ನು ಹೇಳುವಾಗಲೆಲ್ಲ, ಕಿಡಕಿಯಾಚೆ ಹೊಲದಲ್ಲಿ ಸಾಲಾಗಿ ಬಗ್ಗಿ ಕಳೆ ತೆಗೆಯುವ ಹೆಣ್ಣಾಳುಗಳು ನಮ್ಮ ಕಣ್ಣಿಗೆ ಬೀಳುತ್ತಿದ್ದರು. ಅವರು ಸೂತ್ರದ ಎರಡನೆಯ ಶಬ್ದಕ್ಕೆ ಸೇರಿದವರು. ಸೂರ್ಯನನ್ನು ಕಾಣಗೊಡದೆ ಹೆಣ್ಣುಮಕ್ಕಳನ್ನಿಡುವದು ಮನೆತನದ ಗೌರವವೆಂದು ಭಾವಿಸಿದ ಕುಲೀನರೂ, ಮಧ್ಯಾಹ್ನದ ಹೊತ್ತಿನಲ್ಲಿ ಇತರರ ಹೆಣ್ಣುಮಕ್ಕಳಿಂದ ಕೂಲಿ ಮಾಡಿಸಿಕೊಂಡವರೂ ಬೇರೆ ಬೇರೆ ಜನರಲ್ಲ.

ವಿದ್ಯೆಗೂ ನೆರಳಿಗೂ ಇರುವ ಸಂಬಂಧವನ್ನು ಮಾತ್ರ ನಮ್ಮ ವೈಯಾಕರಣರು ರೋಮಿನವರಿಗಿಂತ ಬಹು ಮನೋಹರವಾಗಿ ಕಂಡರು. ‘ಛದ್’ ಎಂದರೆ ಮುಚ್ಚು, ಹೊದಿಸು. ಅದರಿಂದ ‘ಛತ್ತ್ರ’, ಎಂದರೆ ಕೊಡೆ. ಛತ್ತ್ರದಿಂದ ‘ಛಾತ್ರ’, ಎಂದರೆ ವಿದ್ಯಾರ್ಥಿ. ಇದು ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದ ೬೨ನೆಯ ಸೂತ್ರ. ಕೊಡೆಗೂ ವಿದ್ಯಾರ್ಥಿಗೂ ಏನು ಸಂಬಂಧ? ಕೊಡೆ ಹಿಡಿದು ಗುರುವಿನ ಹಿಂದೆ ನಡೆಯುವವನೆಂದು ಮೇಲುನೋಟದವರು ಹೇಳಿಯಾರು. ಮಹಾಭಾಷ್ಯಕಾರನಾದ ಪತಂಜಲಿಯು ಹಾಗೆ ಹೇಳಲಿಲ್ಲ. ಗುರುವೇ ಕೊಡೆ ಎಂದನು. ಗುರುವು ಕೊಡೆಯಂತೆ ಶಿಷ್ಯನನ್ನು ಕವಿದು ಕಾಯಬೇಕು. ಶಿಷ್ಯನೂ ಗುರುವನ್ನು ಕೊಡೆಯಂತೆ ಜೋಪಾನ ಮಾಡಬೇಕು ಎಂಬದು ಅವನ ಆಶಯ. ಕೊಡೆಯು ನಮ್ಮನ್ನು ಕಾಯುವದು ನಿಜ. ಆದರೆ ಹರಿಯದಂತೆ, ಕಡ್ಡಿ ಮುರಿಯದಂತೆ ಕೊಡೆಯನ್ನು ನಾವೂ ಕಾಯಬೇಕಷ್ಟೆ. ಕಾಶಿಕಾವೃತ್ತಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುರುವಿನ ಕುಂದುಗಳನ್ನು ಮುಚ್ಚುವವನೇ ಛಾತ್ರನೆಂದರು. ನಿವೃತ್ತರಾದ ಮೇಲೆ ಈ ಎರಡನೆಯ ವ್ಯಾಖ್ಯಾನವು ನಮಗೆ ಹೆಚ್ಚು ಪ್ರಿಯವಾಗಿದೆ ಎಂದು ಬರೆದರೆ ಓದುಗರು ನಕ್ಕಾರು.

ಆದರೆ ಇಲ್ಲಿಗೆ ನಿಲ್ಲಿಸಿ ಹೆಮ್ಮೆಪಟ್ಟುಕೊಳ್ಳುವದಕ್ಕೆ ನಮ್ಮ ಮನಸ್ಸು ಒಪ್ಪುವದಿಲ್ಲ. ಆ ಕೊಡೆಯ ಸುತ್ತಳತೆ ಎಷ್ಟಿತ್ತು? ನಮ್ಮಿಂದ ಬಹು ದೂರವಲ್ಲದ ಸಾತಾರೆಯ ಶಾಲೆಯಲ್ಲಿ ಬಾಲಕನೊಬ್ಬನು ತರಗತಿಯ ಮೂಲೆಯಲ್ಲಿ ಬೇರೆಯಾಗಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂಡ್ರಬೇಕಾಗಿತ್ತು. ಶಾಲೆಯನ್ನು ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆಗೆ ಅದನ್ನು ಮನೆಗೆ ಒಯ್ದು ಮರುದಿನ ತಿರುಗಿ ತರಬೇಕಾಗಿತ್ತು. ಆ ಬಾಲಕನೇ ಮುಂದೆ ಸಂವಿಧಾನದ ಕರಡುಸಮಿತಿಯ ಅಧ್ಯಕ್ಷರಾದ ಭೀಮರಾವ ಅಂಬೇಡಕರರು. ಈ ಸಂಗತಿಯನ್ನು ಅವರೇ ಬರೆದಿಟ್ಟಿರುವರು. ೧೯೨೫ರ ಎಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಯಲ್ಲಿ ಕೂಡಿದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಅವರೇ ಅಧ್ಯಕ್ಷರಾಗಿದ್ದರು. ಮಾಡಿನ ಕೆಳಗೆ ಕುಳಿತೂ ಕೊಡೆಯ ಹೊರಗೆ ಉಳಿದ ಇಂಥ ಛಾತ್ರರು ಎಷ್ಟು ಸಾವಿರ ಜನರೋ!

ಇದರಲ್ಲಿ ಶಬ್ದದ ಪಾಲೂ ಇದೆ. ಮರದ ಕೆಳಗಿನ ತಂಪಿಗೂ, ಮನುಷ್ಯನ ಹಿಂದೆ ನಡೆವ ಕರಿಯ ಆಕೃತಿಗೂ ಇಂಗ್ಲಿಷಿನಲ್ಲಿ ಎರಡು ಶಬ್ದಗಳುಂಟು. ಲ್ಯಾಟಿನ್ನಿನಲ್ಲಿ ಎರಡಕ್ಕೂ ಉಂಬ್ರಾ, ಸಂಸ್ಕೃತದಲ್ಲಿ ಛಾಯಾ, ಕನ್ನಡದಲ್ಲಿ ನೆರಳು. ‘ತಂದೆಯ ನೆರಳು ಇರುವತನಕ ಚಿಂತೆಯಿಲ್ಲ’ ಎಂದು ಹೇಳುವ ನಾಲಿಗೆಯೇ ‘ಅವನ ನೆರಳು ಸೋಕೀತು’ ಎಂದು ಹೇಳಿತು. ಪೇಶವೆಯರ ಕಾಲದ ಪುಣೆಯಲ್ಲಿ ಬೆಳಿಗ್ಗೆ ೯ಕ್ಕೆ ಮೊದಲು, ಮಧ್ಯಾಹ್ನ ೩ರ ತರುವಾಯ ಮಹಾರ-ಮಾಂಗ ಜನರು ಪೇಟೆಯೊಳಗೆ ಬರಬಾರದೆಂಬ ಕಟ್ಟಳೆಯಿತ್ತೆಂದು ಇತಿಹಾಸದ ಪುಸ್ತಕಗಳಲ್ಲಿ ಬರೆದಿದೆ. ಆ ಹೊತ್ತುಗಳಲ್ಲಿ ನೆರಳು ಉದ್ದವಾಗಿ ದೂರದವರನ್ನೂ ಮುಟ್ಟುವದೆಂಬದು ಅದಕ್ಕೆ ಕಾರಣ. ನೆಲಕ್ಕೆ ಶಂಕುವನ್ನು ನೆಟ್ಟು ಅದರ ನೆರಳಿನಿಂದ ಹೊತ್ತನ್ನು ಅಳೆದ ಜ್ಯೋತಿಷಿಗಳ ನಾಡು ಇದು. ಗ್ರಹಣವೆಂದರೆ ನೆರಳಿನ ಆಟವೆಂದು ೧,೫೦೦ ವರ್ಷಗಳ ಹಿಂದೆಯೇ ಆರ್ಯಭಟನು ಸಾರಿದ ನಾಡು ಇದು. ನೆರಳು ಬೆಳಕಿಗೆ ಅಡ್ಡ ಬಂದದ್ದರ ಗುರುತಷ್ಟೇ, ಅದಕ್ಕೆ ಮುಟ್ಟುವ ಕೈಯಿಲ್ಲ ಎಂದು ಅರಿತ ಜನರೇ ಮನುಷ್ಯನ ನೆರಳಿಗೆ ಅಂಜಿದರು! ೧೯೫೦ರ ಜನೇವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೭ನೆಯ ಕಲಮು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಕಾಯಿದೆಯು ಶಬ್ದಕೋಶವನ್ನು ಒಂದೇ ದಿನದಲ್ಲಿ ತಿದ್ದಲಾರದು; ಮನೆಮನೆಯ ಮಾತಿನಲ್ಲಿ ಅದನ್ನು ತಿದ್ದಬೇಕಾದವರು ಈ ಮಾಸಿಕವನ್ನು ಓದುವ ಗೃಹಸ್ಥರೇ.

ಉಂಬ್ರಾತಿಲಿಸ್ ಎಂಬ ಬೈಗಳೂ ಬೈಗಳಾಗಿಯೇ ಉಳಿಯಲಿಲ್ಲ. ಫ್ರಾನ್ಸ್ ದೇಶದ ಬೆಟ್ಟಗಳಲ್ಲಿ ೧೦೮೪ರಲ್ಲಿ ಬ್ರೂನೋ ಎಂಬ ಸಾಧುವು ಸ್ಥಾಪಿಸಿದ ಕಾರ್ತೂಸಿಯನ್ ಮಠದ ಸನ್ಯಾಸಿಗಳು ಮೌನದಲ್ಲಿಯೂ ಏಕಾಂತದಲ್ಲಿಯೂ ಬಾಳುವರು. ೧೯೨೪ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಅವರ ಕಟ್ಟಳೆಗಳಿಗೆ ಒಪ್ಪಿಗೆ ಕೊಟ್ಟ ಪತ್ರದ ಮೊದಲನೆಯ ಶಬ್ದವೇ ‘ಉಂಬ್ರಾತಿಲೆಮ್’, ದ್ವಿತೀಯಾ ವಿಭಕ್ತಿಯಲ್ಲಿ. ನೆರಳಿನ ಬಾಳನ್ನು ಆ ಪತ್ರವು ಕೊಂಡಾಡಿದೆ. ಸಿಸೆರೋ ಓದಿದ್ದರೆ ಬೆರಗಾಗುತ್ತಿದ್ದನು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದು ಮರಗಳ ನೆರಳಿನಲ್ಲಿಯೇ ಪಾಠ ಹೇಳಿಸಿದರು. ಅವರ ತಂದೆಯವರಾದ ದೇವೇಂದ್ರನಾಥರಿಗೆ ಆ ಸ್ಥಳದಲ್ಲಿ ಮೊದಲು ನೆರಳು ಕೊಟ್ಟದ್ದು ಸಪ್ತಪರ್ಣಿಯ ಮರಗಳು. ನಮ್ಮ ಕರಾವಳಿಯವರು ಹಾಲೆಮರವೆನ್ನುವದು ಇದನ್ನೇ. ಅದರ ಲ್ಯಾಟಿನ್ 

ಹೆಸರಿನ ವಿಶೇಷಣವು ‘ಸ್ಕೊಲಾರಿಸ್’, ಎಂದರೆ ಶಾಲೆಯ. ಅದರ ಹಲಗೆಯಿಂದ ಮಕ್ಕಳು ಬರೆಯುವ ಪಾಟಿಗಳನ್ನು ಮಾಡುತ್ತಿದ್ದುದರಿಂದ ಈ ಹೆಸರು. ಗಿಡಗಳ ಹೆಸರನ್ನು ಇಡುವವರಲ್ಲಿಯೂ ಒಮ್ಮೊಮ್ಮೆ ಕವಿಗಳಿರುತ್ತಾರೆ.

ನಮಗೆ ಎಲ್ಲಕ್ಕೂ ಮಿಗಿಲಾಗಿ ಹಿಡಿಸಿದ ನೆರಳಿನ ವಿಶೇಷಣವು ಲ್ಯಾಟಿನ್ನಿನದೂ ಅಲ್ಲ, ಪಾಣಿನಿಯ ಸಂಸ್ಕೃತದ್ದೂ ಅಲ್ಲ. ಅದು ಅಶೋಕನ ಪ್ರಾಕೃತದ್ದು. ಇಂದು ದಿಲ್ಲಿಯಲ್ಲಿ ನಿಂತಿರುವ, ಮೊದಲು ತೋಪ್ರಾ ಎಂಬ ಊರಿನಲ್ಲಿದ್ದ ಕಲ್ಲಿನ ಕಂಬದ ಮೇಲೆ ಅವನ ಏಳನೆಯ ಸ್ತಂಭಶಾಸನವಿದೆ. ಪಟ್ಟಾಭಿಷೇಕವಾಗಿ ೨೭ ವರ್ಷಗಳಾದ ಮೇಲೆ ಬರೆಯಿಸಿದ್ದು. ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದೆನು, ಮಾವಿನ ತೋಪುಗಳನ್ನು ಹಾಕಿಸಿದೆನು, ಬಾವಿಗಳನ್ನು ತೋಡಿಸಿದೆನು ಎಂದು ಅರಸನು ಅದರಲ್ಲಿ ಹೇಳಿಕೊಂಡಿರುವನು. ಆಲದ ಮರಗಳಿಗೆ ಅವನು ಕೊಟ್ಟ ವಿಶೇಷಣವು ‘ಛಾಯೋಪಗ’; ನೆರಳಾಗಿ ಒದಗುವಂಥದು ಎಂದರ್ಥ. ಯಾರಿಗೆ ಎಂಬದನ್ನೂ ಅರಸನು ಬಿಡಿಸಿ ಹೇಳಿರುವನು: ಪಶುಗಳಿಗೆ, ಮನುಷ್ಯರಿಗೆ. ಪಶುಗಳನ್ನು ಮೊದಲು ಹೇಳಿ ಮನುಷ್ಯರನ್ನು ಆಮೇಲೆ ಹೇಳಿರುವನು. ಯಾವ ಮನುಷ್ಯರಿಗೆ ಎಂದು ಮಾತ್ರ ವಿಂಗಡಿಸಲಿಲ್ಲ. ಉಂಬ್ರೋಸುಸ್ ಎಂದರೆ ನೆರಳು ಮರದ ಸೊತ್ತಾಗುವದು. ಉಂಬ್ರಾತಿಲಿಸ್ ಎಂದರೆ ಅದು ಕೆಳಗೆ ಕುಳಿತವನ ಕುಂದಾಗುವದು. ಛಾಯೋಪಗ ಎಂದರೆ ಅದು ದಾರಿ ಹಿಡಿದು ಬರುವವನ ಕಡೆಗೆ ತಾನೇ ಹೋಗುವದು. ‘ಉಪಗ’ ಎಂಬಲ್ಲಿರುವ ‘ಗಮ್’ ಧಾತುವಿನ ಅರ್ಥವೇ ಹೋಗುವದು.

ಇದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ‘ನೆರಳು ಕೊಡುವ’ ಎಂದರೆ ಕೊಡುಗೈಯ ಗರ್ವವು ಸ್ವಲ್ಪ ಸೇರಿಕೊಳ್ಳುವದು. ‘ನೆರಳುಳ್ಳ’ ಎಂದರೆ ಛಾಯಾವಾನ್ ಆಗುವದೇ ಹೊರತು ಉಪಗಮನವು ಬಾರದು. ನಮ್ಮ ಆಡುಮಾತಿನಲ್ಲಿ ‘ನೆರಳಾಗು’ ಎಂಬ ಕ್ರಿಯಾಪದವಿದೆ. ತಾಯಿ ಇಲ್ಲದ ಕೂಸಿಗೆ ಸೋದರತ್ತೆ ನೆರಳಾದಳು ಎನ್ನುತ್ತೇವೆ. ಆದುದರಿಂದ ‘ನೆರಳಾಗುವ ಮರ’ ಎಂಬದೇ ಸರಿಯಾದ ಕನ್ನಡವೆಂದು ನಮ್ಮ ಅಭಿಪ್ರಾಯ. ಇದಕ್ಕಿಂತ ಒಳ್ಳೆಯ ರೂಪವು ಓದುಗರಲ್ಲಿ ಯಾರಿಗಾದರೂ ಹೊಳೆದರೆ ಕಾರ್ಡು ಬರೆದು ತಿಳಿಸಬೇಕು. ಚಂಪಾಷಷ್ಠಿಗೆ ಮಲ್ಲಯ್ಯನ ಗುಡಿಗೆ ಬರುವ ಪರಸ್ಥಳದವರನ್ನೂ ಕೇಳಿ, ಅವರವರ ಊರಿನಲ್ಲಿ ನೆಳ್ಳಿಗೆ ಏನೆನ್ನುವರೆಂಬದನ್ನು ಬರೆದು ಕಳಿಸಿದರೆ ಇನ್ನೂ ಉಪಕಾರವಾಗುವದು. ಬರುವ ತಿಂಗಳು ‘ಗಜ್ಜರಿ’ ಎಂಬ ಶಬ್ದವನ್ನು ನೋಡುವೆವು.